ನಾಯಿ ಕಟ್ಟುವ ಸಂಕೋಲೆ: ಕೊಳ್ಳುವುದು, ಕಾಪಾಡುವುದು

(ಸಂಘದ ಬೆಳ್ಳಿಹಬ್ಬದ ಪ್ರಯುಕ್ತ ನಡೆದ ಸದಸ್ಯರ ಮಾಹಿತಿ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ನನಗಿಂತ ಮೊದಲು ಮಾತಾಡಿದವರು ಅಡಿಕೆಯ ಕೊಳೆರೋಗದ ಬಗ್ಗೆ, ಬೆಳೆಸಾಲದ ಬಗ್ಗೆ ತೂಕದ ಮಾತುಗಳನ್ನು ಆಡಿದ್ದಾರೆ. ನನ್ನ ಪಾಲಿಗೆ ಬಂದಿರುವುದು ನಾಯಿ ಸಂಕೋಲೆ. ಕರಪತ್ರದಲ್ಲಿ ಈ ವಿಷಯ ನೋಡಿ ನಕ್ಕವರಿದ್ದಾರೆ ಅಂತ ಕೇಳಿದೆ. ನಗಲಿ, ಅಡ್ಡಿಯಿಲ್ಲ. ಈ ಸಂಘದ ಪರಿಕರ ಮಾರಾಟದ ಕೌಂಟರಿನಲ್ಲಿ ಬಹಳ ವರ್ಷ ಕೂತವನು ನಾನು. ಕತ್ತಿ, ಹಾರೆ, ಮೊಳೆ, ಪೈಪುಗಳ ಜೊತೆಗೆ ನಾಯಿ ಚೈನನ್ನೂ ತೂಗಿ ಕೊಟ್ಟಿದ್ದೇನೆ. ಪಂಪ್‌ಸೆಟ್ಟು ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತುವ ನಮ್ಮ ಜನ, ನಾಯಿ ಚೈನು ಅಂದ ಕೂಡಲೇ "ಯಾವುದಾದರೂ ಒಂದು ಕೊಡಿ ಮಾರಾಯ್ರೆ" ಅಂತಾರೆ. ಈ "ಯಾವುದಾದರೂ ಒಂದು" ಅನ್ನುವುದರ ಬಗ್ಗೆಯೇ ಇವತ್ತು ನನ್ನ ಮಾತು.

ನಮ್ಮ ಕಡೆ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ತೋಟದ ತಲೆಗೊಂದು ಮನೆ, ಮನೆಗೊಂದು ನಾಯಿ, ಅಂಗಳದ ಅಂಚಿನಲ್ಲೇ ಕಾಲುದಾರಿ. ಶಾಲೆಗೆ ಹೋಗುವ ಮಕ್ಕಳು, ಡೇರಿಗೆ ಹಾಲು ಒಯ್ಯುವವರು, ಅಂಚೆಯವರು, ಮೀಟರು ನೋಡುವವರು, ನಮ್ಮದೇ ಸಂಘದ ಪಿಗ್ಮಿ ಸಂಗ್ರಾಹಕರು, ಎಲ್ಲರೂ ಆ ದಾರಿಯಲ್ಲೇ ಬರಬೇಕು. ಅವರ ಕಾಲಿಗೂ ನಾಯಿಯ ಹಲ್ಲಿಗೂ ನಡುವೆ ಇರುವುದು ಹೆಬ್ಬೆರಳಿನಷ್ಟು ದೊಡ್ಡ ಒಂದು ಕೊಂಡಿ. ಅದು ಕಳಚಿದ ದಿನ ಏನಾಗುತ್ತದೆ ಅಂತ ನೋಡಿದವರು ಈ ಸಭೆಯಲ್ಲೂ ಇದ್ದಾರೆ. ಕಚ್ಚಿದ ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಓಡಬೇಕು. ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಆಮೇಲೆ ಔಷಧಿಯಿಲ್ಲ. ಆದ್ದರಿಂದ ನಾಯಿಗೆ ವರ್ಷವರ್ಷ ಲಸಿಕೆ ಹಾಕಿಸದೆ ಬರೀ ಒಳ್ಳೆಯ ಚೈನು ತಂದರೆ ಪ್ರಯೋಜನವಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟೆ, ಇನ್ನು ಕಬ್ಬಿಣದ ವಿಷಯಕ್ಕೆ ಬರುತ್ತೇನೆ.

ಇಲ್ಲಿ ಮೇಜಿನ ಮೇಲೆ ಒಂದು ಹಳೆಯ ಡಾಲ್ಡಾ ಡಬ್ಬಿ ಇಟ್ಟಿದ್ದೇನೆ. "ನಿಮ್ಮ ಚೈನು ತುಂಡಾಯ್ತು" ಅಂತ ಜಗಳಕ್ಕೆ ಬಂದವರು ಕೌಂಟರಿನ ಮೇಲೆ ಬಿಟ್ಟುಹೋದ ತುಂಡುಗಳೆಲ್ಲ ಇದರಲ್ಲಿವೆ. ಹತ್ತಿರ ಬಂದು ನೋಡಿ. ಬಾಯಿ ಬಿಟ್ಟ ಕೊಂಡಿ, ಸ್ಪ್ರಿಂಗು ಸತ್ತ ಕೊಂಡಿ, ತಲೆ ಕಿತ್ತುಬಂದ ತಿರುಗಣೆ, ಸವೆದು ದಾರದ ಹಾಗಾದ ಬಳೆ. ಸಂಕೋಲೆಯ ನಟ್ಟನಡುವಿನ ಬಳೆ ಮುರಿದದ್ದು ಇದರಲ್ಲಿ ಸಿಗುವುದು ಬಲು ಅಪರೂಪ. ಚೈನು ತುಂಡಾಗುವುದು ತುದಿಯಲ್ಲಿ, ಜೋಡಣೆಯಲ್ಲಿ. ನಮ್ಮ ಜನ ದುಡ್ಡು ಹಾಕುವುದು ಮಾತ್ರ ನಡುವಿನ ದಪ್ಪಕ್ಕೆ! ಹೆಬ್ಬಾವಿನಂಥ ಚೈನು, ಅದರ ತುದಿಗೆ ಕಡ್ಡಿಪೆಟ್ಟಿಗೆ ಬೆಲೆಯ ಕೊಂಡಿ.

ದಪ್ಪ ಎಷ್ಟು ಬೇಕು ಅನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಮಕ್ಕಳು ಪ್ರೌಢಶಾಲೆಯಲ್ಲಿ ಕಲಿಯುವ ಲೆಕ್ಕವೇ. ನಮ್ಮ ನಾಡ ನಾಯಿ 20 ಕಿಲೋ ಇದೆ ಅನ್ನಿ. ಅದು ಸೆಕೆಂಡಿಗೆ 5 ಮೀಟರಿನ ಓಟದಲ್ಲಿ ಬಂದು ಚೈನಿನ ತುದಿ ಮುಟ್ಟಿತು. ಅರ್ಧ ಗುಣಿಸು 20, ಗುಣಿಸು 5ರ ವರ್ಗ, ಒಟ್ಟು 250 ಜೂಲ್ ಶಕ್ತಿ. ಅದು ಹತ್ತು ಸೆಂಟಿಮೀಟರಿನೊಳಗೆ ನಿಂತರೆ ಸರಾಸರಿ 2500 ನ್ಯೂಟನ್ ಬಲ, ಅಂದರೆ ಸುಮಾರು 250 ಕಿಲೋ ತೂಗಿದ ಹಾಗೆ. ಐದು ಮೂಟೆ ಸಿಮೆಂಟು! ನಿಂತ ನಾಯಿ ಜಗ್ಗುವುದು ಬೇರೆ, ಓಡಿ ಬಂದು ಎಗರುವುದು ಬೇರೆ. ಈ ಹೊಡೆತ ದಿನಕ್ಕೆ ಎಷ್ಟು ಸಲವೋ! ಅದು ಕೊಂಡಿಯ ಮೇಲೂ ಬೀಳುತ್ತದೆ, ನಾಯಿಯ ಕುತ್ತಿಗೆಯ ಮೇಲೂ ಬೀಳುತ್ತದೆ. ಕೊಂಡಿಗೆ ಬಾಯಿಲ್ಲ, ಕುತ್ತಿಗೆಗೆ ಇದೆ. ಕೆಮ್ಮುವ ನಾಯಿಯನ್ನು ಕಂಡರೆ ಒಮ್ಮೆ ಅದರ ಚೈನು ನೋಡಿ.

ಹಾಗಂತ ಆನೆ ಕಟ್ಟುವ ಸಂಕೋಲೆ ತರಬೇಡಿ. 6 ಮಿಲಿಮೀಟರ್ ಸರಳಿನ ಚೈನು ಮೀಟರಿಗೆ ಸುಮಾರು 800 ಗ್ರಾಂ ತೂಗುತ್ತದೆ. ಮೂರು ಮೀಟರ್ ಕಟ್ಟಿದರೆ ಎರಡೂವರೆ ಕಿಲೋ ಹತ್ತಿರ. 4 ಮಿಲಿಮೀಟರಿನದು ಅದರ ಅರ್ಧಕ್ಕಿಂತಲೂ ಹಗುರ. ಸರಿಯಾಗಿ ಬೆಸುಗೆಯಾದ 4 ಮಿಲಿಮೀಟರ್ ಚೈನು ನಮ್ಮ ಊರಿನ ಯಾವ ನಾಯಿಗೂ ಸಾಕು ಅನ್ನುವುದು ನನ್ನ ಅಭಿಪ್ರಾಯ. ದೊಡ್ಡ ಜಾತಿಯ ನಾಯಿ ಸಾಕಿದವರು ಬೇಕಾದರೆ 5ಕ್ಕೆ ಹೋಗಲಿ. ಇದರಲ್ಲಿ ಕಾನೂನೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ, ವಿಪರೀತ ಗಿಡ್ಡವಾದ ಅಥವಾ ವಿಪರೀತ ಭಾರವಾದ ಸರಪಳಿಯಲ್ಲಿ ಪ್ರಾಣಿಯನ್ನು ಬಹಳ ಹೊತ್ತು ಕಟ್ಟಿಹಾಕುವುದು ಅಪರಾಧ ಅಂತಿದೆ. ಯಾವಾಗಲೂ ಕಟ್ಟಿಹಾಕುವ ನಾಯಿಯನ್ನು ತಕ್ಕಮಟ್ಟಿಗೆ ಅಡ್ಡಾಡಿಸದೆ ಇರುವುದೂ ಅಪರಾಧವೇ. ಇನ್ನೊಂದು ಕಡೆಯಿಂದ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು, ಸಾಕಿದ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವಾಗದ ಹಾಗೆ ನೋಡಿಕೊಳ್ಳದ ಯಜಮಾನನನ್ನು ಹಿಡಿಯುತ್ತದೆ. ಹಳೆಯ ದಂಡ ಸಂಹಿತೆಯಲ್ಲೂ ಇದು ಇತ್ತು. ಬಿಟ್ಟರೂ ಕಷ್ಟ, ಬಿಗಿದರೂ ಕಷ್ಟ. ಆದ್ದರಿಂದ ಕಟ್ಟುವುದನ್ನು ಸರಿಯಾಗಿ ಕಟ್ಟಬೇಕು.

ಈಗ ಲೋಹದ ಮಾತು. ನಮ್ಮದು ಮಳೆನಾಡು. ಜೂನ್‌ನಲ್ಲಿ ಹಿಡಿದದ್ದು ಸೆಪ್ಟೆಂಬರಿಗೆ ಬಿಡುತ್ತದೆ. ಬಯಲುಸೀಮೆಯಲ್ಲಿ ಹತ್ತು ವರ್ಷ ಬಾಳುವ ಕಬ್ಬಿಣ ಇಲ್ಲಿ ಎರಡು ಮಳೆಗಾಲಕ್ಕೆ ಕೆಂಪಾಗುತ್ತದೆ. ಅಂಗಡಿಯಲ್ಲಿ ಫಳಫಳ ಹೊಳೆಯುವ ಚೈನು ಕಂಡರೆ ನಮ್ಮ ಕೈ ಅಲ್ಲಿಗೇ ಹೋಗುತ್ತದೆ. ಆ ಹೊಳಪು ಬಹಳ ಸಲ ವಿದ್ಯುತ್ತಿನಿಂದ ಲೇಪಿಸಿದ ಸತುವಿನದು. ಅದರ ಪದರ ಹತ್ತು ಮೈಕ್ರಾನಿನ ಆಸುಪಾಸು. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಅದರ ಪಕ್ಕದಲ್ಲಿ ಮಂಕಾಗಿ, ಬೂದುಬಣ್ಣಕ್ಕೆ, ಸ್ವಲ್ಪ ಒರಟಾಗಿ ತೂಗುತ್ತಿರುತ್ತದಲ್ಲ, ಅದನ್ನು ಕೇಳಿ. ಅದು ಕರಗಿದ ಸತುವಿನಲ್ಲಿ, ಸುಮಾರು 450 ಡಿಗ್ರಿ ಶಾಖದಲ್ಲಿ ಮುಳುಗಿಸಿ ತೆಗೆದದ್ದು. ಪದರ ಐದಾರು ಪಟ್ಟು ದಪ್ಪ. ಬಾಳಿಕೆಯೂ ಹೆಚ್ಚುಕಡಿಮೆ ಆ ಲೆಕ್ಕದಲ್ಲೇ ಬರುತ್ತದೆ. ಹೆಣ್ಣು ಗಂಡು ನೋಡುವಾಗ ಬಣ್ಣ ನೋಡಿದರೂ ನೋಡಿ, ಚೈನಿನಲ್ಲಿ ಮಾತ್ರ ಬಣ್ಣ ನೋಡಬೇಡಿ.

ಸತುವಿನ ಗುಣ ಏನೆಂದರೆ, ಅದು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಅಲ್ಲೊಂದು ಇಲ್ಲೊಂದು ಗೀರು ಬಿದ್ದರೂ ಪಕ್ಕದ ಸತು ಕಾಯುತ್ತದೆ. ಆದರೆ ಬಳೆಗೆ ಬಳೆ ಉಜ್ಜುವ ಜಾಗದಲ್ಲಿ ಸತು ಬೇಗ ಹೋಗುತ್ತದೆ, ಅಲ್ಲಿ ನಿಮ್ಮ ಕಣ್ಣಿರಬೇಕು. ಇನ್ನು ತುಂಡಾದ ಜಿ.ಐ. ಚೈನನ್ನು ವೆಲ್ಡಿಂಗ್ ಅಂಗಡಿಗೆ ಒಯ್ಯುವ ಅಭ್ಯಾಸ ಇದೆ. ಬೆಸುಗೆಯ ಶಾಖಕ್ಕೆ ಆ ಜಾಗದ ಸತುವೆಲ್ಲ ಬಿಳಿ ಹೊಗೆಯಾಗಿ ಹಾರಿಹೋಗುತ್ತದೆ. ಆ ಹೊಗೆ ಕುಡಿದರೆ ಬೆಸುಗೆಯವರಿಗೆ ಜ್ವರ ಬರುತ್ತದೆ, ಬರಿಮೈಯಾದ ಚೈನಿಗೆ ತುಕ್ಕು ಬರುತ್ತದೆ. ಬೆಸೆಯಲೇಬೇಕಾದರೆ ಗಾಳಿಯಾಡುವ ಕಡೆ ಬೆಸೆದು, ತಣಿದ ಮೇಲೆ ಸತುವಿನ ಪೇಂಟು ಎರಡು ಕೋಟು ಹೊಡೆಸಿ.

ಸ್ಟೇನ್‌ಲೆಸ್ ಸ್ಟೀಲು ಇನ್ನೂ ಒಳ್ಳೆಯದು, ಬೆಲೆ ಹೆಚ್ಚು. ಅದರಲ್ಲೂ ಜಾತಿಗಳಿವೆ. 304 ಅನ್ನುವುದರಲ್ಲಿ ಹದಿನೆಂಟು ಪಾಲು ಕ್ರೋಮಿಯಂ, ಎಂಟು ಪಾಲು ನಿಕ್ಕೆಲ್. 316ರಲ್ಲಿ ಜೊತೆಗೆ ಎರಡು ಮೂರು ಪಾಲು ಮಾಲಿಬ್ಡಿನಂ ಇರುತ್ತದೆ, ಅದು ಉಪ್ಪುಗಾಳಿಗೂ ತಡೆಯುತ್ತದೆ. ಘಟ್ಟದ ಕೆಳಗೆ, ಕಡಲ ಹತ್ತಿರ ಮಗಳನ್ನೋ ತಂಗಿಯನ್ನೋ ಕೊಟ್ಟವರು ಅವರಿಗೆ ಈ ಮಾತು ತಲುಪಿಸಿ. ನಮಗೆ 304 ಸಾಕು. ಮಾರುಕಟ್ಟೆಯಲ್ಲಿ ನಿಕ್ಕೆಲ್ ಕಡಿಮೆ ಮಾಡಿದ 202 ಅನ್ನುವುದೂ ಬರುತ್ತದೆ. ಅದೂ ಸ್ಟೀಲೇ, ಆದರೆ ನಮ್ಮ ಮಳೆಗೆ ಬೇಗ ಕಲೆಗಟ್ಟುತ್ತದೆ. "ಅಯಸ್ಕಾಂತ ಹಿಡಿಯುವುದಿಲ್ಲ ನೋಡಿ, ಅಸಲಿ ಮಾಲು" ಅಂತ ಅಂಗಡಿಯವರು ತೋರಿಸುವುದುಂಟು. ಅದು ಅರ್ಧ ಸತ್ಯ. 202ನ್ನೂ ಅಯಸ್ಕಾಂತ ಹಿಡಿಯುವುದಿಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳುವುದೇ ದಾರಿ.

ಇನ್ನೊಂದು ವಿಷಯ ತೋಟದವರಿಗೆ ಮಾತ್ರ ಗೊತ್ತಾಗುವಂಥದ್ದು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತೇವಲ್ಲ, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಕತ್ತಿಯ ಅಲಗು ಅದ್ದುತ್ತೇವೆ. ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ. ಆ ಕೆಂಪು ಅಂದರೆ ತಾಮ್ರ, ಕಬ್ಬಿಣವನ್ನು ತಿಂದು ಅದರ ಮೇಲೆ ಕೂತದ್ದು. ಅದೇ ತಾಮ್ರ ಸತುವಿನ ಮೇಲೆ ಬಿದ್ದರೆ ಸತುವನ್ನೂ ತಿನ್ನುತ್ತದೆ. ತುತ್ತ ನೆನೆಹಾಕಿದ ಡ್ರಮ್ಮಿನ ಪಕ್ಕ ನಾಯಿ ಕಟ್ಟಿದರೆ, ಕೊಟ್ಟಿಗೆ ಮಾಡಿನಿಂದ ಬೋರ್ಡೋ ನೀರು ಚೈನಿನ ಮೇಲೆ ತೊಟ್ಟಿಕ್ಕಿದರೆ, ಹೊಸ ಜಿ.ಐ. ಚೈನು ಒಂದೇ ಮಳೆಗಾಲಕ್ಕೆ ಕಪ್ಪಾಗಿ ತುಕ್ಕಿಗೆ ತಿರುಗುತ್ತದೆ. ಔಷಧಿ ಹೊಡೆಯುವ ದಿನ ನಾಯಿಯನ್ನೂ ಚೈನನ್ನೂ ದೂರ ಇಡಿ. ನಾಯಿ ಆ ನೀರು ನೆಕ್ಕಬಾರದು ಅನ್ನುವುದಕ್ಕೂ ಇದು ಬೇಕು. ಗೊಬ್ಬರದ ಉಪ್ಪೂ ಅಷ್ಟೇ. ಪೊಟ್ಯಾಷ್ ಚೀಲದ ಮೇಲೆ ಚೈನು ಎಸೆದಿಟ್ಟರೆ ಅದು ತೇವ ಎಳೆದುಕೊಂಡು ಕೊರೆಯುತ್ತದೆ. ಸಂಘದ ಗೋದಾಮಿನಲ್ಲೂ ಹಾರ್ಡ್‌ವೇರನ್ನು ಗೊಬ್ಬರದಿಂದ ಬೇರೆ ಇಡಬೇಕು ಅಂತ ನಾನು ಮೊದಲಿನಿಂದ ಹೇಳುತ್ತಾ ಬಂದವನು. ಕಾರ್ಯದರ್ಶಿಗಳು ನಗುತ್ತಿದ್ದಾರೆ.

ಕೊಂಡಿಗೆ ಬರೋಣ. ಇದೇ ಮುಖ್ಯ. ಅಂಗಡಿಯಲ್ಲಿ ಸಿಗುವ ಅಗ್ಗದ ಕೊಂಡಿಗಳು ಹೆಚ್ಚಾಗಿ ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು, ಮೇಲೆ ನಿಕ್ಕೆಲ್ ಮಿಂಚು ಬಳಿದವು. ಗಾತ್ರಕ್ಕೆ ದಪ್ಪಗೆ ಕಾಣುತ್ತವೆ. ಆದರೆ ಅವು ಬಾಗುವುದಿಲ್ಲ, ಒಂದು ದಿನ ಫಟ್ಟನೆ ಬಿಸ್ಕತ್ತಿನ ಹಾಗೆ ಮುರಿಯುತ್ತವೆ. ಮುರಿದ ಜಾಗ ನೋಡಿದರೆ ಬೂದುಬಣ್ಣದ ಹರಳು ಹರಳು. ಡಬ್ಬಿಯಲ್ಲಿ ಇಂಥವೇ ಹೆಚ್ಚು. ಉಕ್ಕಾದರೆ ಮುರಿಯುವ ಮೊದಲು ಬಾಯಿ ಅಗಲಿಸಿ, ಬಾಗಿ, ನಿಮಗೊಂದು ಸೂಚನೆ ಕೊಡುತ್ತದೆ. ಗಟ್ಟಿ ಹಿತ್ತಾಳೆಯ ಕೊಂಡಿ ಒಳ್ಳೆಯದು, ತುಕ್ಕು ಹಿಡಿಯುವುದಿಲ್ಲ. ಆದರೆ ಹಿತ್ತಾಳೆ ಅಂತ ಹೇಳಿ ಹಿತ್ತಾಳೆ ಬಣ್ಣ ಬಳಿದದ್ದನ್ನು ಕೊಡುವವರಿದ್ದಾರೆ. ಮೂಲೆಯಲ್ಲಿ ಅರದಿಂದ ಒಂದು ಗೀರು ಹಾಕಿ ನೋಡಿ, ಒಳಗೂ ಹಳದಿ ಇದ್ದರೆ ಅಸಲು. ಅಂಗಡಿಯವರು ಗೀರಲು ಬಿಡದಿದ್ದರೆ ಅಲ್ಲಿಗೇ ಉತ್ತರ ಸಿಕ್ಕಿತು. ಹಿತ್ತಾಳೆಯೂ ಸತು ಲೇಪದ ಚೈನೂ ಒದ್ದೆಯಲ್ಲಿ ತಾಗಿಕೊಂಡಿದ್ದರೆ, ತಾಗುವ ಬಳೆಯ ಸತು ಸ್ವಲ್ಪ ಬೇಗ ಕರಗುತ್ತದೆ. ಆ ಒಂದು ಬಳೆಯ ಮೇಲೆ ಗಮನವಿಡಿ, ಚೈನು ಬಿಸಾಡುವಂಥದ್ದೇನಲ್ಲ.

ಹೆಬ್ಬೆರಳಿನಿಂದ ಗುಂಡಿ ಜಾರಿಸುವ ಕೊಂಡಿಯೊಳಗೆ ಒಂದು ಸಣ್ಣ ಸ್ಪ್ರಿಂಗು ಇರುತ್ತದೆ. ಕೊಂಡಿ ಹಿತ್ತಾಳೆಯಾದರೂ ಸ್ಪ್ರಿಂಗು ಉಕ್ಕಿನ ತಂತಿಯಾಗಿದ್ದರೆ ಅದಕ್ಕೆ ತುಕ್ಕು ಬರುತ್ತದೆ, ನಮ್ಮ ಕೆಂಪು ಮಣ್ಣು ಒಳಗೆ ಹೊಕ್ಕು ಗುಂಡಿ ಅರ್ಧಕ್ಕೇ ನಿಲ್ಲುತ್ತದೆ. ಹೊರಗಿನಿಂದ ಮುಚ್ಚಿದ ಹಾಗೇ ಕಾಣುತ್ತದೆ. ನಾಯಿ ಕೆರೆದುಕೊಂಡರೆ, ಹೊರಳಿದರೆ ಬಿಚ್ಚಿಕೊಳ್ಳುತ್ತದೆ. ಕೊಳ್ಳುವಾಗ ಗುಂಡಿ ಎಳೆದು ಬಿಡಿ, ಟಕ್ ಅಂತ ಸದ್ದು ಬರಬೇಕು. ಮನೆಯಲ್ಲೂ ವಾರಕ್ಕೊಮ್ಮೆ ಆ ಸದ್ದು ಕೇಳಿಸಿಕೊಳ್ಳಿ.

ಬಳೆಗಳ ವಿಷಯ ಚುಟುಕಾಗಿ ಹೇಳುತ್ತೇನೆ. ತಂತಿಯನ್ನು ಗಂಟು ಹಾಕಿದ ಹಾಗೆ ತಿರುಚಿ ಮಾಡಿದ ಚೈನು ಹಗುರ, ಅಗ್ಗ, ಮರಿಗಳಿಗೆ ಸರಿ. ಬೆಳೆದ ನಾಯಿಗೆ ಪ್ರತಿ ಬಳೆಯೂ ಬೆಸುಗೆಯಾಗಿರಲಿ. ಕೈಯಲ್ಲಿ ಒಂದೊಂದೇ ಬಳೆ ತಿರುಗಿಸಿ ನೋಡಿದರೆ ಬೆಸುಗೆ ಕೂಡದ ಸಂದಿ ಕಣ್ಣಿಗೇ ಕಾಣುತ್ತದೆ. ಐದು ನಿಮಿಷದ ಕೆಲಸ.

ತಿರುಗಣೆ ಅಂದರೆ, ಒಂದು ತುದಿ ಸುತ್ತಿದರೆ ಇನ್ನೊಂದು ತುದಿಗೆ ಸುತ್ತು ದಾಟದ ಹಾಗೆ ತಡೆಯುವ ಕೀಲು. ನಾಯಿ ಮಲಗುವ ಮೊದಲು ಸುತ್ತುವುದು ಗೊತ್ತಲ್ಲ, ದಿನಕ್ಕೆ ಹತ್ತಿಪ್ಪತ್ತು ಸುತ್ತು. ತಿರುಗಣೆ ಹಿಡಿದುಕೊಂಡರೆ ಅಷ್ಟು ಸುತ್ತೂ ಚೈನಿನಲ್ಲಿ ಹುರಿಯಾಗುತ್ತದೆ. ಮೂರು ಮೀಟರ್ ಚೈನು ಸಂಜೆಗೆ ಒಂದು ಮೀಟರ್. ನೀರಿನ ಪಾತ್ರೆ ಎಟುಕುವುದಿಲ್ಲ, ನೆರಳು ಎಟುಕುವುದಿಲ್ಲ. ಕೊನೆಗೆ ಕುತ್ತಿಗೆಯೇ ಸಿಕ್ಕಿಕೊಳ್ಳುತ್ತದೆ. ಮನೆಯವರು ಮದುವೆಗೆ ಹೋಗಿ ಸಂಜೆ ಬಂದಾಗ ನಾಯಿ ಹಾಗೆಯೇ ಸತ್ತು ಬಿದ್ದಿದ್ದ ಮನೆ ನಮ್ಮ ಸೀಮೆಯಲ್ಲೇ ಇದೆ. ಕಳ್ಳ ಬರಲಿಲ್ಲ, ಹುಲಿ ಬರಲಿಲ್ಲ, ಹಿಡಿದುಕೊಂಡ ಒಂದು ತಿರುಗಣೆ ಸಾಕಾಯಿತು. ಆದ್ದರಿಂದ ತಿರುಗಣೆ ಎರಡಿರಲಿ. ಒಂದು ಕುತ್ತಿಗೆಯ ಹತ್ತಿರ, ಒಂದು ಗೂಟದ ಹತ್ತಿರ. ಒಂದು ಹಿಡಿದರೂ ಇನ್ನೊಂದು ತಿರುಗುತ್ತದೆ. ಬರೇ ತಗಡು ಮಡಚಿ ಮಾಡಿದ್ದು ಬೇಡ. ನಡುವಿನ ಮೊಳೆಯ ತಲೆ ದಪ್ಪವಾಗಿ ಕಾಣಬೇಕು.

ಕಟ್ಟುವ ತುದಿಗೆ ಡಿ ಆಕಾರದ ಶಾಕಲ್ ಒಳ್ಳೆಯದು. ಅದರ ತಿರುಪು ಅಲುಗಾಟಕ್ಕೆ ತಾನಾಗಿ ಸಡಿಲುತ್ತದೆ, ಆದ್ದರಿಂದ ತಿರುಪಿನ ಕಣ್ಣಿಗೆ ತಂತಿ ಪೋಣಿಸಿ ಬಿಗಿದಿಡಿ. ಆದರೆ ಎಲ್ಲವನ್ನೂ ಹೀಗೆ ಬಿಗಿದುಬಿಡಬೇಡಿ. ಒಂದು ಕಡೆಯಾದರೂ ಒಂದೇ ಕೈಯಲ್ಲಿ, ಕತ್ತಲೆಯಲ್ಲಿ, ಮನೆಯ ಹೆಂಗಸರು ಮಕ್ಕಳೂ ಬಿಚ್ಚುವ ಹಾಗಿರಬೇಕು, ಅದೂ ನಾಯಿಯ ಬಾಯಿಯಿಂದ ದೂರದ ತುದಿಯಲ್ಲಿ. ಯಾಕೆ ಅಂತ ಕೇಳಬಹುದು. ಹೆಜ್ಜೇನು ಎದ್ದ ದಿನ ಗೊತ್ತಾಗುತ್ತದೆ. ನಾವು ಒಳಗೆ ಓಡಿ ಬಾಗಿಲು ಹಾಕಿಕೊಳ್ಳುತ್ತೇವೆ. ಕಟ್ಟಿದ ದನಕ್ಕೆ, ಕಟ್ಟಿದ ನಾಯಿಗೆ ಓಡಲು ದಾರಿಯಿಲ್ಲ. ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೂ ಇದೇ ಕಥೆ. ಹಗ್ಗವಾದರೆ ಕತ್ತಿಯಲ್ಲಿ ಕಡಿಯಬಹುದು, ಚೈನನ್ನು ಏನು ಮಾಡುತ್ತೀರಿ?

ಕಟ್ಟುವ ಜಾಗ. ಗೂಟಕ್ಕಿಂತ ನೆಲದಲ್ಲಿ ಹೂತ ಕಲ್ಲುಕಂಬ ಗಟ್ಟಿ, ಆದರೆ ಕಲ್ಲಿನ ಅಂಚು ಚೈನನ್ನು ಅರದ ಹಾಗೆ ತಿನ್ನುತ್ತದೆ. ಕಂಬಕ್ಕೆ ಒಂದು ಕಬ್ಬಿಣದ ಪಟ್ಟಿ ಬಳಸಿ ಅದರ ಬಳೆಗೆ ಕೊಂಡಿ ಹಾಕಿ. ವಿದ್ಯುತ್ ಕಂಬಕ್ಕೆ, ಅದನ್ನು ಎಳೆದು ಕಟ್ಟಿದ ತಂತಿಗೆ ಯಾವ ಕಾರಣಕ್ಕೂ ಕಟ್ಟಬೇಡಿ. ಮಳೆಗಾಲದಲ್ಲಿ ಅಲ್ಲಿ ಕರೆಂಟು ಇಳಿಯುವುದುಂಟು. ಜಗಲಿಯ ಮೇಲೆ, ಕಟ್ಟೆಯ ಮೇಲೆ ಕಟ್ಟುವವರು ಒಂದು ಅಳತೆ ತೆಗೆಯಿರಿ. ನಾಯಿ ಅಂಚು ದಾಟಿ ಜಿಗಿದರೆ ನಾಲ್ಕೂ ಕಾಲು ನೆಲಕ್ಕೆ ಮುಟ್ಟುತ್ತದೆಯೇ? ಇಲ್ಲವಾದರೆ ಅಂಚಿಗೇ ಎಟುಕದಷ್ಟು ಗಿಡ್ಡ ಮಾಡಿ. ನಡುವಿನ ಅಳತೆ ಇದ್ದರೆ ಅದು ನೇಣು. ಕಾಂಪೌಂಡು ಗೋಡೆಯ ಪಕ್ಕ ಕಟ್ಟಿದರೂ ಇದೇ ಮಾತು.

ಚಿರತೆ ಕಾಟ ಇರುವ ಮನೆಗಳವರಿಗೆ ಬೇರೆಯೇ ಹೇಳಬೇಕು. ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಎಲೆ. ಬಿಟ್ಟ ನಾಯಿಯಾದರೆ ಓಡಿ ಹಿತ್ತಲ ಬಾಗಿಲಿಗಾದರೂ ಬಂದೀತು. ಹಿಮಾಲಯದ ಕುರಿಗಾಹಿಗಳು ನಾಯಿಯ ಕುತ್ತಿಗೆಗೆ ಮುಳ್ಳಿನ ಕಬ್ಬಿಣದ ಪಟ್ಟಿ ಹಾಕುತ್ತಾರೆ, ಚಿರತೆ ಹಿಡಿಯುವುದು ಕುತ್ತಿಗೆಯನ್ನೇ ಅಂತ. ಆದರೆ ಅವರ ನಾಯಿಗಳು ಕುರಿಮಂದೆಯ ಜೊತೆ ತಿರುಗಾಡುವಂಥವು. ಇಲ್ಲಿ ಚೈನು ಎಷ್ಟು ಗಟ್ಟಿ ಇದ್ದರೂ ನಾಯಿಗೆ ಅದರಿಂದ ಉಪಕಾರವಿಲ್ಲ. ಕತ್ತಲಾದ ಮೇಲೆ ಕೊಟ್ಟಿಗೆಯೊಳಗೆ, ಅಥವಾ ಮೇಲೂ ಮುಚ್ಚಿದ ಗೂಡಿನೊಳಗೆ ಕೂಡಿ ಬಾಗಿಲು ಹಾಕಿ. ಬೊಗಳುವುದನ್ನು ಅದು ಒಳಗಿಂದಲೂ ಮಾಡುತ್ತದೆ.

ನನ್ನನ್ನು ಕೇಳಿದರೆ, ಗೂಟದ ಚೈನಿಗಿಂತ ಓಡುತಂತಿ ಎಷ್ಟೋ ಮೇಲು. ಎರಡು ಕಂಬದ ನಡುವೆ ತಂತಿ, ಅದರಲ್ಲಿ ಜಾರುವ ಬಳೆ, ಬಳೆಗೆ ಚೈನು. ಲೆಕ್ಕ ನೋಡಿ. ಒಂದೂವರೆ ಮೀಟರ್ ಚೈನನ್ನು ನೆಲದ ಗೂಟಕ್ಕೆ ಕಟ್ಟಿದರೆ ನಾಯಿಗೆ ಸಿಗುವ ಜಾಗ ಏಳು ಚದರ ಮೀಟರೂ ಇಲ್ಲ. ಅದೇ 15 ಮೀಟರ್ ದೂರದ ಎರಡು ಕಂಬಗಳಿಗೆ ಎರಡು ಮೀಟರ್ ಎತ್ತರದಲ್ಲಿ ತಂತಿ ಎಳೆಯಿರಿ. ನಾಯಿಯ ಕುತ್ತಿಗೆ ನೆಲದಿಂದ ಅರ್ಧ ಮೀಟರ್ ಅನ್ನಿ. ಎರಡೂವರೆ ಮೀಟರಿನ ಚೈನು ಕಟ್ಟಿದರೆ ತಂತಿಯ ಎರಡೂ ಮಗ್ಗುಲಿಗೆ ಎರಡೆರಡು ಮೀಟರ್ ಹೋಗುತ್ತದೆ. ಎರಡೂ ತುದಿಯಲ್ಲಿ ಕಂಬದಿಂದ ಎರಡೂವರೆ ಮೀಟರಿಗೆ ಒಂದು ತಡೆ ಕೊಡಬೇಕು, ಇಲ್ಲದಿದ್ದರೆ ಕಂಬಕ್ಕೆ ಸುತ್ತಿಕೊಳ್ಳುತ್ತದೆ. ಆಗ ಓಡಲು ಹತ್ತು ಮೀಟರ್ ಸಿಕ್ಕಿತು. ಒಟ್ಟು ಜಾಗ ಐವತ್ತು ಚದರ ಮೀಟರಿಗೆ ಮೀರುತ್ತದೆ. ನಾಯಿ ಓಡುತ್ತದೆ, ಬಳೆ ಜೊತೆಗೇ ಜಾರುತ್ತದೆ, ಮೊದಲು ಹೇಳಿದ ಆ ಐದು ಮೂಟೆ ಸಿಮೆಂಟಿನ ಹೊಡೆತ ಬಹುಪಾಲು ತಪ್ಪುತ್ತದೆ. ಹಗಲಿಡೀ ಒಂದೇ ಗೂಟ ಸುತ್ತಿ ಸುತ್ತಿ ಮುಂಗೋಪಿಯಾದ ನಾಯಿ ಓಡುತಂತಿಗೆ ಬಂದ ಮೇಲೆ ಸಮಾಧಾನಕ್ಕೆ ಬಂದದ್ದನ್ನು ನಾನು ಹಲವು ಮನೆಗಳಲ್ಲಿ ನೋಡಿದ್ದೇನೆ.

ಇದಕ್ಕೆ ಬಟ್ಟೆ ಒಣಗಿಸುವ ಒಂಟಿ ತಂತಿ ಬೇಡ, ಅದು ಮಡಿಕೆ ಬಿದ್ದ ಕಡೆ ತುಂಡಾಗುತ್ತದೆ. ಎಳೆ ಹೊಸೆದ ಉಕ್ಕಿನ ತಂತಿ ಹಗ್ಗ, 5 ಅಥವಾ 6 ಮಿಲಿಮೀಟರಿನದು, ಸತು ಲೇಪದ್ದು ತನ್ನಿ. ತುದಿಯನ್ನು ಕಣ್ಣಿಯ ಹಾಗೆ ಮಡಚುವ ಕಡೆ ಒಳಗೊಂದು ತಗಡಿನ ತೊಟ್ಟಿಲು, ಅಂದರೆ ತಿಂಬಲ್ ಇಡಬೇಕು. ಬಿಗಿಯುವುದು ಯು ಆಕಾರದ ಕ್ಲಿಪ್ಪಿನಲ್ಲಿ. ಅದರ ಹೆಸರೇ ಬುಲ್‌ಡಾಗ್ ಕ್ಲಿಪ್! ನಾಯಿ ಕಟ್ಟಲು ನಾಯಿಯೇ ಬೇಕಾಯಿತು ನೋಡಿ. ಇದರಲ್ಲಿ ಒಂದು ಗುಟ್ಟಿದೆ. ಕ್ಲಿಪ್ಪಿನ ಹಲ್ಲಿರುವ ಅಡಿಪಟ್ಟಿ ಭಾರ ಹೊರುವ ಉದ್ದ ತಂತಿಯ ಕಡೆಗಿರಬೇಕು, ಯು ಸರಳು ಮಡಚಿ ಬಂದ ಗಿಡ್ಡ ತುದಿಯ ಮೇಲೆ ಕೂರಬೇಕು. ಉಲ್ಟಾ ಹಾಕಿದರೆ ಯು ಸರಳು ಭಾರದ ತಂತಿಯನ್ನು ನಜ್ಜುಗುಜ್ಜು ಮಾಡುತ್ತದೆ. ಪ್ರತಿ ತುದಿಗೆ ಮೂರು ಕ್ಲಿಪ್ಪು, ಒಂದಕ್ಕೊಂದು ತಂತಿಯ ದಪ್ಪದ ಆರು ಪಟ್ಟು ದೂರ. 6 ಮಿಲಿಮೀಟರಿಗಾದರೆ ಮೂರೂವರೆ ಸೆಂಟಿಮೀಟರಿನಷ್ಟು. ಒಂದು ವಾರ ಬಿಟ್ಟು ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ. ತಂತಿಯನ್ನು ವೀಣೆಯ ತಂತಿಯ ಹಾಗೆ ಎಳೆದು ಕಟ್ಟಬೇಡಿ. ಸ್ವಲ್ಪ ಜೋಲು ಇದ್ದಷ್ಟೂ ಕಂಬದ ಮೇಲೆ ಬೀಳುವ ಎಳೆತ ಕಡಿಮೆ. ನೈಲಾನ್, ಪ್ಲಾಸ್ಟಿಕ್ ಹಗ್ಗ ಹಾಕುವವರಿದ್ದಾರೆ. ಬಿಸಿಲಿಗೆ ಎಳೆ ಪುಡಿಯಾಗುತ್ತದೆ, ಅದಕ್ಕಿಂತ ಮೊದಲು ನಾಯಿ ಕಚ್ಚಿ ಮುಗಿಸುತ್ತದೆ.

ಕುತ್ತಿಗೆಯ ಬೆಲ್ಟಿನ ಬಗ್ಗೆ ಎರಡು ಮಾತು. ಚೈನನ್ನೇ ಕುತ್ತಿಗೆಗೆ ಸುತ್ತಬೇಡಿ. ಎರಡೂವರೆ ಸೆಂಟಿಮೀಟರ್ ಅಗಲದ ನೈಲಾನ್ ಪಟ್ಟಿ ಸಾಕು. ಚರ್ಮ ನಮ್ಮ ಮಳೆಗೆ ಬೂಸಲು ಹಿಡಿದು ಬಿರಿಯುತ್ತದೆ. ಪಟ್ಟಿಯ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಮರಿಗೆ ಹಾಕಿದ ಬೆಲ್ಟನ್ನು ಮರೆತುಬಿಡುವುದು ಬಹಳ ಕಡೆ ನಡೆಯುತ್ತದೆ. ಮರಿ ಬೆಳೆಯುತ್ತದೆ, ಬೆಲ್ಟು ಬೆಳೆಯುವುದಿಲ್ಲ, ಚರ್ಮದೊಳಗೆ ಇಳಿಯುತ್ತದೆ. ಮಳೆಗಾಲದಲ್ಲಿ ಆ ಗಾಯಕ್ಕೆ ಹುಳ ಬಿದ್ದರೆ ದೊಡ್ಡ ಪಾಡು. ಮರಿಯ ಬೆಲ್ಟನ್ನು ವಾರವಾರ ನೋಡಿ. ಮುಧೋಳ ಜಾತಿಯ ನಾಯಿ ತಂದವರು ಇದ್ದರೆ, ಅದರ ತಲೆ ಕುತ್ತಿಗೆಗಿಂತ ಕಿರಿದು, ಸಾಮಾನ್ಯ ಬೆಲ್ಟಿನಿಂದ ತಲೆ ನುಸುಳಿಸಿ ಹೋಗುತ್ತದೆ. ಅದಕ್ಕೆ ಅಗಲವಾದ, ಎಳೆದಾಗ ಸ್ವಲ್ಪ ಮಾತ್ರ ಬಿಗಿಯಾಗಿ ಅಲ್ಲಿಗೇ ನಿಲ್ಲುವ ಬೆಲ್ಟು ಬೇಕು. ಅಂಗಡಿಯಲ್ಲಿ ಚೈನನ್ನು ಎಷ್ಟು ಪರೀಕ್ಷೆ ಮಾಡಿದರೂ ಬೆಲ್ಟಿನ ಬಕಲು ಪ್ಲಾಸ್ಟಿಕ್ಕಾದರೆ ಪಟ್ಟ ಶ್ರಮವೆಲ್ಲ ಹೊಳೆಗೆ.

ಇನ್ನು ಕಾಪಾಡುವುದು. ಇದಕ್ಕೆ ಪಂಚಾಂಗ ಬೇಕಿಲ್ಲ. ಮಳೆ ಹಿಡಿಯುವ ಮೊದಲು ಒಮ್ಮೆ, ದೀಪಾವಳಿಯ ಹೊತ್ತಿಗೆ ಒಮ್ಮೆ ಪೂರ್ತಿ ಚೈನನ್ನು ಬಿಚ್ಚಿ ಸಿಹಿನೀರಿನಲ್ಲಿ ಬ್ರಷ್ಷು ಹಾಕಿ ತೊಳೆದು ಒಣಗಿಸಿ. ನಾಯಿಯ ಮೂತ್ರದ ಉಪ್ಪು ಗೂಟದ ಬುಡದ ಬಳೆಗಳನ್ನು ತಿನ್ನುತ್ತದೆ, ಅಲ್ಲಿ ಚೆನ್ನಾಗಿ ತಿಕ್ಕಿ. ಆಮೇಲೆ ಸವೆತ ನೋಡುವುದು. ಬಳೆಗಳನ್ನು ಒಂದರೊಳಗೊಂದು ಸಡಿಲಿಸಿ, ಉಜ್ಜುವ ಒಳಮೈ ನೋಡಿ. 4 ಮಿಲಿಮೀಟರಿನದು 3ಕ್ಕೆ ಇಳಿದಿದ್ದರೆ ಕಾಲು ಭಾಗ ಮಾತ್ರ ಸವೆದಿದೆ ಅಂತ ಕಾಣುತ್ತದೆ. ಸುತ್ತಲೂ ಹಾಗೆ ಸವೆದಿದ್ದರೆ ಸರಳಿನ ಅಡ್ಡಕೊಯ್ತದ ಲೆಕ್ಕದಲ್ಲಿ ಉಳಿದದ್ದು ನೂರಕ್ಕೆ ಐವತ್ತಾರು ಪಾಲು, ಅಂದರೆ ಹತ್ತಿರ ಹತ್ತಿರ ಅರ್ಧ ಬಲ ಹೋಯಿತು. ನಾನಾದರೆ ಅಷ್ಟಕ್ಕೆ ಬಿಸಾಡುತ್ತೇನೆ. ತುಕ್ಕನ್ನು ಮೊಳೆಯಲ್ಲಿ ಕೆರೆಯಿರಿ. ಮೇಲೆ ಮೇಲೆ ಕೆಂಪಾಗಿ ಕೆಳಗೆ ಗಟ್ಟಿ ಲೋಹ ಸಿಕ್ಕಿದರೆ ಇನ್ನೊಂದು ವರ್ಷ ನಡೆಯುತ್ತದೆ, ಪದರ ಪದರವಾಗಿ ಎದ್ದು ಬಂದರೆ ಇಲ್ಲ.

ಎಣ್ಣೆಯ ವಿಷಯದಲ್ಲಿ ಜಾಗ್ರತೆ. ಟ್ರ್ಯಾಕ್ಟರಿನ ಸುಟ್ಟ ಎಣ್ಣೆ ಬಳಿಯುವವರಿದ್ದಾರೆ, ಅದು ಬೇಡವೇ ಬೇಡ. ನಾಯಿ ನೆಕ್ಕುತ್ತದೆ, ಮೈಗೆ ಹತ್ತುತ್ತದೆ, ವಿಷ. ಕೊಬ್ಬರಿ ಎಣ್ಣೆ ಹಾಕಿದರೆ ಇರುವೆ ಬರುತ್ತದೆ, ನಾಯಿಗೆ ಅದೊಂದು ತಿಂಡಿಯಾಗುತ್ತದೆ. ತಿರುಗಣೆಯ ಕೀಲಿಗೆ, ಕೊಂಡಿಯ ಗುಂಡಿಯ ಸಂದಿಗೆ ಮೇಣ ಉಜ್ಜಿ ಸ್ವಲ್ಪ ಬೆಚ್ಚಗೆ ಮಾಡಿದರೆ ಒಳಗಿಳಿದು ನಿಲ್ಲುತ್ತದೆ, ನೀರನ್ನೂ ತಡೆಯುತ್ತದೆ, ಮಣ್ಣನ್ನೂ ಹಿಡಿಯುವುದಿಲ್ಲ. ಬೆಚ್ಚಗೆ ಮಾಡುವುದು ಕೊಂಡಿ ನಾಯಿಯ ಕುತ್ತಿಗೆಯಲ್ಲಿ ಇಲ್ಲದಾಗ ಅಂತ ಬೇರೆ ಹೇಳಬೇಕಿಲ್ಲವಷ್ಟೆ. ಚೈನು ಕಚ್ಚುವ ಚಟದ ನಾಯಿ ಇದ್ದರೆ ಅದರ ಹಲ್ಲು ಸವೆಯುತ್ತದೆ. ಸತುವಿನ ಚೂರು ಹೊಟ್ಟೆಗೆ ಹೋದರೆ ರಕ್ತ ಕೆಡುತ್ತದೆ. ಅಂಥ ನಾಯಿಗೆ ಸ್ಟೀಲಿನ ಚೈನು ಹಾಕಿ, ಮತ್ತೆ ಅದು ಯಾಕೆ ಕಚ್ಚುತ್ತದೆ ಅಂತ ಯೋಚಿಸಿ. ಹೆಚ್ಚಾಗಿ ಕಟ್ಟಿದ್ದು ಬಹಳ ಹೊತ್ತಾಗಿರುತ್ತದೆ.

ದುಡ್ಡಿನ ಮಾತು ಆಡದೆ ಸಹಕಾರ ಸಂಘದ ಸಭೆ ಮುಗಿಯುವುದಿಲ್ಲ. ಒಬ್ಬೊಬ್ಬರೇ ಪೇಟೆಗೆ ಹೋಗಿ ಒಂದೊಂದು ಒಳ್ಳೆಯ ಕೊಂಡಿ ಕೇಳಿದರೆ ಸಿಗುವುದಿಲ್ಲ, ಸಿಕ್ಕರೆ ಬೆಲೆ ಹೆಚ್ಚು. ಐವತ್ತು ಮನೆಯವರು ಸೇರಿದರೆ ಸಂಘವೇ ಒಂದು ರೋಲು ಬಿಸಿ ಸತುವಿನ ಚೈನು, ಒಂದು ಪೆಟ್ಟಿಗೆ ಹಿತ್ತಾಳೆ ಕೊಂಡಿ, ತಿರುಗಣೆ, ತಂತಿ ಹಗ್ಗ, ಕ್ಲಿಪ್ಪು ತರಿಸಿ ಅಳತೆಗೆ ಕತ್ತರಿಸಿ ಕೊಡಬಹುದು. ಬಿಡಿಭಾಗ ಬೇರೆ ಬೇರೆ ಸಿಕ್ಕರೆ ಸವೆದ ಕೊಂಡಿ ಒಂದನ್ನೇ ಬದಲಿಸಿದರಾಯಿತು, ಇಡೀ ಚೈನು ಹೊಸದು ಕೊಳ್ಳಬೇಕಿಲ್ಲ. ಇದನ್ನು ಆಡಳಿತ ಮಂಡಳಿಯ ಮುಂದಿನ ಸಭೆಗೆ ಇಡುವುದಾಗಿ ಅಧ್ಯಕ್ಷರು ಈಗಷ್ಟೇ ತಲೆಯಾಡಿಸಿದ್ದಾರೆ. ಬೇಕಾದವರು ಇವತ್ತೇ ಕೌಂಟರಿನಲ್ಲಿ ಹೆಸರು, ನಾಯಿಯ ಅಂದಾಜು ತೂಕ, ಎಷ್ಟು ಮೀಟರ್ ಅಂತ ಬರೆಸಿ. ಮುಂದಿನ ಸಂತೆಯ ದಿನ ನಾನು ವರ್ನಿಯರ್ ಕ್ಯಾಲಿಪರ್ ಇಟ್ಟುಕೊಂಡು ಇಲ್ಲೇ ಕೂತಿರುತ್ತೇನೆ. ಮನೆಯಲ್ಲಿರುವ ಹಳೆಯ ಚೈನು ತನ್ನಿ, ಅಳೆದು ಹೇಳೋಣ. ನಾಯಿಯನ್ನು ತರಬೇಡಿ. ತರುವಾಗ ಅದನ್ನು ಮನೆಯಲ್ಲಿ ಬೇರೆ ಯಾವುದಕ್ಕಾದರೂ ಭದ್ರವಾಗಿ ಕಟ್ಟಿ ಬನ್ನಿ.